ಚರಿಗೆಯ ತಳದ ನೀರು

ಆ ಬೆಳಿಗ್ಗೆ ಹುಲ್ಲಪ್ಪನಿಗೆ ಮೊದಲು ಸಿಟ್ಟು ಬಂದದ್ದು ಒಂದು ಖಾಲಿ ಸೀಸೆಯ ಮೇಲೆ. ಗೇಣುದ್ದದ ಗಾಜಿನ ಸೀಸೆ. ಹಿಂದಿನ ದಿನ ತಾನೇ ಆಮ್ಲದಲ್ಲಿ ತೊಳೆದು, ಬಟ್ಟಿ ಇಳಿಸಿದ ನೀರಿನಲ್ಲಿ ಏಳು ಸಲ ಜಾಲಿಸಿ, ಕಾವಿನ ಪೆಟ್ಟಿಗೆಯಲ್ಲಿ ಒಣಗಿಸಿ, ಮುಚ್ಚಳ ತಿರುವಿ ಇಟ್ಟಿದ್ದ. ಚೀಲಕ್ಕೆ ಹಾಕುವಾಗ ಅದು ಮೇಜಿನ ಅಂಚಿಗೆ ತಾಗಿ ಟಣ್ ಎಂದಿತು. "ಒಡಿ, ಒಡದ ಹೋಗು, ಒಂದ ಸಲ ಮುಗೀಲಿ," ಎಂದು ಬೈದ. ಒಡೆದಿರಲಿಲ್ಲ. ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ಒಂದು ಗೀರೂ ಇಲ್ಲ. ಅದಕ್ಕೂ ಸಿಟ್ಟು ಬಂತು. ಒಡೆದಿದ್ದರೆ ಇವತ್ತು ಅಕ್ಕನ ಊರಿಗೆ ಹೋಗದಿರಲು ಒಂದು ನೆಪವಾದರೂ ಸಿಗುತ್ತಿತ್ತು ಎಂಬ ಯೋಚನೆ ತನ್ನ ತಲೆಯಲ್ಲಿ ಹಾದುಹೋದದ್ದನ್ನು ತಾನೇ ಕಂಡುಕೊಂಡು, ಎದುರಿಗೆ ಯಾರೂ ಇಲ್ಲದಿದ್ದರೂ ಮುಖ ತಗ್ಗಿಸಿದ.

ಹದಿನೆಂಟು ವರ್ಷದಿಂದ ಬಾಗಲಕೋಟೆಯ ನವನಗರದ ಈ ಪ್ರಯೋಗಾಲಯದಲ್ಲಿ ಅವನದು ಒಂದೇ ಕೆಲಸ: ಸುತ್ತಲಿನ ಊರುಗಳಿಂದ ಬರುವ ಹಾಲಿನಲ್ಲಿ ಹಾಲಲ್ಲದ್ದು ಏನಿದೆ ಎಂದು ನೋಡುವುದು. ಊರಿನ ಹಾಲಿನ ಕೇಂದ್ರದವರು ಗಾಜಿನ ನಳಿಗೆಯಲ್ಲಿ ಹಾಲಿಗೆ ಎರಡು ಹನಿ ನೀಲಿ ಬಣ್ಣ ಬಿಟ್ಟು ನೋಡುತ್ತಾರೆ. ಸೋಪಿನ ಅನುಮಾನ ಬಂದರೆ ಒಂದು ಸೀಸೆಗೆ ತುಂಬಿ, ಅರಗಿನ ಮುದ್ರೆ ಒತ್ತಿ, ಹೆಸರು ಬರೆಯದೆ ಬರೀ ನಂಬರು ಹಾಕಿ ಇಲ್ಲಿಗೆ ಕಳಿಸುತ್ತಾರೆ. ಹುಲ್ಲಪ್ಪ ಆ ಹಾಲನ್ನು ಒಡೆಸಿ, ಗಂಟು ಸೋಸಿ, ಉಳಿದ ತಿಳಿನೀರಿನ ಒಂದು ಹನಿಯನ್ನು ಯಂತ್ರಕ್ಕೆ ಚುಚ್ಚುತ್ತಾನೆ. ಒಳಗೆ ಕಿರುಬೆರಳಿಗಿಂತ ತೆಳುವಾದ ಉಕ್ಕಿನ ಕೊಳವೆ, ಅದರ ತುಂಬ ಹಿಟ್ಟಿನಂಥ ಪುಡಿ. ಹನಿ ಅದರೊಳಗೆ ತೂರಿ ಹೋಗುವಷ್ಟರಲ್ಲಿ ಕಲೆತದ್ದೆಲ್ಲ ಒಂದೊಂದಾಗಿ ಬೇರೆಯಾಗಿ ಈಚೆ ಬರುತ್ತದೆ. ಹೊಸದರಲ್ಲಿ ಪ್ರಯೋಗಾಲಯದ ಮುಖ್ಯಸ್ಥೆ ಮೃಣಾಲಿನಿ ಮೇಡಂ ಇದನ್ನು ಅರ್ಧ ದಿನ ವಿವರಿಸಿದ್ದರು. ಅವನಿಗೆ ತಿಳಿದದ್ದು ಮಾತ್ರ ಅಪ್ಪನ ಕುರಿಹಟ್ಟಿಯಿಂದ. ಸಂಜೆ ಹಟ್ಟಿಯ ಬಾಯಿಯನ್ನು ಒಂದೇ ಕುರಿ ತೂರುವಷ್ಟು ಬಿಟ್ಟು ಅಪ್ಪ ಅಡ್ಡ ನಿಲ್ಲುತ್ತಿದ್ದ. ಮೊದಲು ಮರಿಗಳು ಜಿಗಿದು ಬರುತ್ತಿದ್ದವು, ಆಮೇಲೆ ಟಗರು, ಕಡೆಗೆ ಕುಂಟುವ ಮುದಿ ಕುರಿ. ಗುಂಪಿನಲ್ಲಿ ಸಿಗದ ಗುರುತು ಬಾಯಿಯಲ್ಲಿ ಸಿಗುತ್ತಿತ್ತು. ಕೊಳವೆಯ ಬಾಯಿಗೆ ಅಪ್ಪನ ಬದಲು ಒಂದು ಡಿಟೆಕ್ಟರು ನಿಂತಿದೆ. ಅದಕ್ಕೆ ಗಂಧಕ ಒಂದೇ ಕಾಣುತ್ತದೆ. ಸಕ್ಕರೆ ಹಾದುಹೋಗಲಿ, ಬೆಣ್ಣೆ ಹಾದುಹೋಗಲಿ, ಅದು ಕುರುಡು. ಗಂಧಕವಿದ್ದದ್ದು ಬಂದರೆ ಮಾತ್ರ ಪರದೆಯ ಮೇಲೆ ಗೆರೆ ಎದ್ದು ನಿಲ್ಲುತ್ತದೆ. ಸೋಪಿನ ಪುಡಿಯಲ್ಲಿ ಗಂಧಕವಿದೆ; ಅದು ಯಾವಾಗಲೂ ನಾಲ್ಕು ಗುಡ್ಡವಾಗಿ ಏಳುತ್ತದೆ, ಒಂದರ ಪಕ್ಕ ಒಂದು.

ಐದು ವಾರದ ಹಿಂದೆ ಹದಿನೇಳನೆಯ ನಂಬರಿನ ಸೀಸೆಯಲ್ಲಿ ಆ ನಾಲ್ಕು ಗುಡ್ಡ ಎದ್ದವು. ಗುಡ್ಡ ಎನ್ನಲೂ ಬಾರದು, ಇರುವೆ ಒಟ್ಟಿದ ಮಣ್ಣಿನಷ್ಟು. ಸೋಪು ಹಾಕಿ ಹಾಲು ಹುಟ್ಟಿಸುವ ಕಳ್ಳರ ಸೀಸೆಯಲ್ಲಾದರೆ ಗೆರೆ ಪರದೆ ದಾಟಿ ಹೋಗುತ್ತದೆ, ಜೊತೆಗೆ, ಕೊಬ್ಬನ್ನು ಬೇರೆಯಾಗಿ ಪರೀಕ್ಷಿಸಿದರೆ, ಅಗ್ಗದ ಎಣ್ಣೆಯೂ ಸಿಗುತ್ತದೆ. ನೀರಿಗೆ ಎಣ್ಣೆ ಕೂಡಲಿ ಎಂದೇ ತಾನೆ ಅವರು ಸೋಪು ಹಾಕುವುದು. ಇದರಲ್ಲಿ ಎಣ್ಣೆ ಇರಲಿಲ್ಲ. ಅದು ಅವನ ಕಣ್ಣಿಗೆ ಬಿದ್ದಿತ್ತು. ಬಿದ್ದದ್ದು ಚೆನ್ನಾಗಿ ನೆನಪಿದೆ. ಅಷ್ಟರಲ್ಲಿ ಚಹಾ ಬಂತು. ವರದಿಯ ನಮೂನೆಯಲ್ಲಿ ಎರಡೇ ಚೌಕ: ಪತ್ತೆಯಾಗಿದೆ, ಪತ್ತೆಯಾಗಿಲ್ಲ. ಎಷ್ಟು, ಎಲ್ಲಿಂದ, ಹೇಗೆ ಎನ್ನುವುದಕ್ಕೆ ಜಾಗವಿಲ್ಲ. ಜಾಗವಿಲ್ಲದ್ದರ ಬಗ್ಗೆ ಯೋಚಿಸುವ ಚಟ ಅವನಿಗೂ ಇರಲಿಲ್ಲ. ಮೊದಲನೆಯ ಚೌಕದಲ್ಲಿ ಗುರುತು ಹಾಕಿ, ಕೆಳಗೆ ಸಹಿ ಮಾಡಿ, ಚಹಾ ಆರುವುದರೊಳಗೆ ಕುಡಿದ. ಮುಂದಿನ ಸೀಸೆ ಹದಿನೆಂಟು.

ಹೋದ ವಾರ ಬೀರನಹಟ್ಟಿಯ ಹಾಲಿನ ಕೇಂದ್ರ ನೋಡಿಕೊಳ್ಳುವ ಇಮಾಮಹುಸೇನ ಫೋನು ಮಾಡಿದ್ದ. ಬೀರನಹಟ್ಟಿ ಶಿರೂರು ದಾಟಿ ಒಳಗೆ ಹೋದರೆ ಸಿಗುವ ಊರು, ಹುಲ್ಲಪ್ಪ ಹುಟ್ಟಿದ ಊರು, ಈಗ ಅಕ್ಕ ಹನಮವ್ವ ತವರಿನ ಮನೆಯಲ್ಲೇ ಎರಡು ಎಮ್ಮೆ ಕಟ್ಟಿಕೊಂಡು ಇರುವ ಊರು. ಗಂಡ ತೀರಿ ಒಂಬತ್ತು ವರ್ಷವಾಗಿತ್ತು, ಮಕ್ಕಳಿಲ್ಲ. ಅವ್ವ ಸತ್ತ ಮೇಲೆ ಹುಲ್ಲಪ್ಪನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು, ಅವಳಿಗೆ ಮಗನೆಂದರೆ ಅವನೇ.

"ತಪ್ಪು ತಿಳಕೋಬ್ಯಾಡ್ರಿ ಹುಲ್ಲಪ್ಪಣ್ಣ," ಎಂದಿದ್ದ ಇಮಾಮಹುಸೇನ. "ಕೇಳ್ಬೇಕು ಕೇಳ್ಬೇಕು ಅಂತ ಒಂದು ತಿಂಗಳಾತು. ಹನಮಕ್ಕ ಹಾಲು ತರೂದು ಬಿಟ್ಟಾಳ. ನೀವರ ಒಂದ ಮಾತು ಹೇಳ್ರಿ."

"ಯಾಕ, ಎಮ್ಮಿ ಬತ್ತಿದ್ವೇನು?"

ಆ ಕಡೆ ಯಾರದೋ ಕ್ಯಾನಿನ ಮುಚ್ಚಳ ಬಿದ್ದ ಸದ್ದು. "ನಿಮಗ ಗೊತ್ತಿಲ್ಲೇನ್ರಿ? ಹದಿನೇಳು ನಂಬರ್ ಆಕಿದ ಅಲ್ಲರಿ. ನಾ ಏನ ಮಾಡ್ಲಿ, ನಳಿಗ್ಯಾಗ ಬಣ್ಣ ತಿರುಗಿತು, ಕಳಸಲಾರದ ಇರಾಕ ಆಗೂದಿಲ್ಲ. ನೀವ ಸಹಿ ಮಾಡಿ ಕಳಿಸೀರಿ. ಅಮಾಸಿ ಹಾಲೂ ಈಗ ರಂಗವ್ವನ ಮನಿಯಿಂದ ಹೋಗತೈತಂತ."

ಹಾಲು ಡೇರಿಗೆ ಹೋಗದಿದ್ದರೆ ಹೋಗಲಿ. ಅಕ್ಕ ರೊಟ್ಟಿಗೆ ಯಾರ ಮುಂದೂ ಕೈ ಒಡ್ಡಬೇಕಾಗಿರಲಿಲ್ಲ. ಆದರೆ ಅಮಾವಾಸ್ಯೆಯ ಹಾಲು ಬೇರೆ. ಪ್ರತಿ ಅಮಾವಾಸ್ಯೆ ಬೆಳಿಗ್ಗೆ ಹಿಂಡಿದ ಮೊದಲ ಹಾಲು ಬೀರಪ್ಪನಿಗೆ ಮೀಸಲು. ಅದು ಅವ್ವನ ಕಾಲದಿಂದ ಆ ಮನೆಯಿಂದಲೇ ಹೋಗುತ್ತಿತ್ತು. ಪೂಜಾರಿ ತಾನೇ ಹೊಸ್ತಿಲಿಗೆ ಬಂದು, ಚಪ್ಪಲಿ ಆಚೆ ಬಿಟ್ಟು, ತಂಬಿಗೆ ಒಯ್ಯುತ್ತಿದ್ದ. ಅಕ್ಕನಿಗೆ ಊರಿನಲ್ಲಿ ಇದ್ದ ಮರ್ಯಾದೆ ಎಂದರೆ ಅದೊಂದೇ. ಗಂಡನಿಲ್ಲದ, ಮಕ್ಕಳಿಲ್ಲದ ಹೆಂಗಸನ್ನು ಯಾವ ಶುಭಕ್ಕೂ ಮುಂದೆ ಕರೆಯದ ಊರು ತಿಂಗಳಿಗೊಂದು ಸಲ ಅವಳ ಬಾಗಿಲಿಗೆ ಬಂದು ನಿಲ್ಲುತ್ತಿತ್ತು. ಈಗ ಓಣಿಯ ಆ ಕಡೆಯ ರಂಗವ್ವನ ಮನೆಗೆ ಹೋಗುತ್ತಿದೆ.

ಆ ಭಾನುವಾರ ಹುಲ್ಲಪ್ಪ ಮನೆಯ ಬಚ್ಚಲಿನ ಗೂಡಿನಿಂದ ಒಂದು ಚಿಟಿಕೆ ಸೋಪಿನ ಪುಡಿ ತೆಗೆದು ಕಾಗದದಲ್ಲಿ ಕಟ್ಟಿದ. ಹೆಂಡತಿ ವಿದ್ಯಾ ನೋಡಿ, "ಪುಡಿ ಚೀಟ್ಯಾಗ ಕಟಗೊಂಡು ಎಲ್ಲಿ ಹೊಂಟ್ರಿ? ಅಂಗಾರ ಕೊಡತಾರಲ್ಲ ಮಠದಾಗ, ಹಂಗ," ಎಂದು ನಕ್ಕಳು. ಅವನು "ಬಾಯಿ ಮುಚ್ಚಲೇ" ಎಂದು ಗದರಿ ಹೊರಬಿದ್ದ. ಸಂತೆಯಿಂದ ಹೆಸರಿಲ್ಲದ ಅಗ್ಗದ ಪುಡಿಯ ಎರಡು ಚೀಲ ತಂದವನು ಅವನೇ, ಒಂದು ತನ್ನ ಮನೆಗೆ, ಒಂದು ಅಕ್ಕನಿಗೆ. ಖಾಲಿ ಪ್ರಯೋಗಾಲಯದಲ್ಲಿ ಯಂತ್ರ ಕಾಯುವವರೆಗೆ ಗಡಿಯಾರ ನೋಡುತ್ತ ಕೂತ. ಪುಡಿ ಕರಗಿಸಿದ ನೀರು ಕೊಳವೆ ದಾಟಿ ಈಚೆ ಬಂತು. ನಾಲ್ಕು ಗುಡ್ಡ. ಒಳ್ಳೆಯ ಪುಡಿಯಲ್ಲಿ ಮೂರನೆಯದು ಎತ್ತರವಿರುತ್ತದೆ. ಇದರಲ್ಲಿ ಕಡೆಯದು ಗೂನು ಬೆನ್ನಿನ ಹಾಗೆ ಮೇಲೆದ್ದಿತ್ತು. ಹದಿನೇಳರ ಹಾಳೆಯನ್ನು ತಂದು ಅದರ ಮೇಲಿಟ್ಟು ಕಿಟಕಿಯ ಗಾಜಿಗೆ ಒತ್ತಿ ಹಿಡಿದ. ಎತ್ತರ ಬೇರೆ, ಆಕಾರ ಒಂದೇ. ಅದೇ ಗೂನು.

ಮರುದಿನ ಎರಡೂ ಹಾಳೆಗಳನ್ನು ಮೃಣಾಲಿನಿ ಮೇಡಂ ಮೇಜಿನ ಮೇಲಿಟ್ಟು, "ಇದು ಬೆರೆಸಿದ್ದಲ್ರಿ ಮೇಡಂ. ಪಾತ್ರಿ ತೊಳದ ಪುಡಿ ಉಳದದ್ದು. ಎಣ್ಣಿ ಇಲ್ಲ, ನೋಡ್ರಿ. ಹಂಗಂತ ಒಂದು ಸಾಲು ಬರದು ಕಳಸೂಣು," ಎಂದ. ಮೇಡಂ ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ನೋಡಿದರು. ಅವರು ಸಿಟ್ಟು ಮಾಡುವವರಲ್ಲ. ಸಿಟ್ಟು ಮಾಡಿದ್ದರೆ ಅವನಿಗೆ ಉತ್ತರ ಕೊಡಲು ಬರುತ್ತಿತ್ತು.

"ಇದು ಮದಲ ಕಾಣಲಿಲ್ಲೇನು ನಿಮಗ?"

"ಕಂಡಿತ್ರಿ."

"ಯಾರ ಹಾಲು ಇದು, ಹುಲ್ಲಪ್ಪ?"

"ನಮ್ಮಕ್ಕಂದ್ರಿ."

ಮೇಡಂ ಕಪಾಟಿನಿಂದ ಒಂದು ಕಡತ ತೆಗೆದು ಮಗುಚಿದರು. "ಈ ವರ್ಷ ಇಂಥಾವು ಎಷ್ಟವ ನೋಡ್ರಿ. ಎಣ್ಣಿ ಇಲ್ಲ, ಇಷ್ಟ ಇಷ್ಟ ಸೋಪು. ಹನ್ನೊಂದು. ಎಲ್ಲಾದಕ್ಕೂ ಪತ್ತೆಯಾಗಿದೆ ಅಂತ ಬರದೀರಿ. ಅವರೂ ಯಾರೋ ಒಬ್ಬರ ಅಕ್ಕ-ತಂಗಿ ಇದ್ದಾರು." ಆಮೇಲೆ ತಮ್ಮಷ್ಟಕ್ಕೆ ಅನ್ನುವ ಹಾಗೆ, "ಕೆಳಗ ನನ್ನ ಸಹೀನೂ ಅದ," ಎಂದರು.

ಅವನು ಹನ್ನೊಂದರಲ್ಲಿ ಒಂದರ ಊರಾದರೂ ನೆನಪಾಗಲಿ ಎಂದು ಪ್ರಯತ್ನಪಟ್ಟ. ಊರುಗಳು ಇರಲಿಲ್ಲ, ನಂಬರುಗಳಿದ್ದವು.

ದಾರಿ ತೋರಿಸಿದವರು ಮೇಡಂ ಅವರೇ. ಬರೀ ಬಾಯಿಮಾತಿನಲ್ಲಿ ಸಾಲು ಬರೆಯಲು ಆಗುವುದಿಲ್ಲ. ಕೇಂದ್ರದವರು ಸಾಕ್ಷಿಯಾಗಿ ನಿಂತು ನೋಡಲಿ. ಆಕೆ ಎಂದಿನ ಹಾಗೆಯೇ, ಅದೇ ಪುಡಿಯಲ್ಲಿ ಪಾತ್ರೆ ತೊಳೆದು, ಎಂದಿನ ಹಾಗೆಯೇ ಹಾಲು ಹಿಂಡಲಿ. ಅದನ್ನು ಸೀಸೆಗೆ ತುಂಬಿ ಮುದ್ರೆ ಹಾಕಿ ತರಲಿ. ಅದರಲ್ಲೂ ಇಷ್ಟೇ ಎತ್ತರದ ಗುಡ್ಡ ಎದ್ದರೆ, ಇದು ತೊಳೆದ ನೀರಿನದು, ಹಾಲಿಗೆ ಯಾರೂ ಏನೂ ಬೆರೆಸಿಲ್ಲ ಎಂದು ಮೇಡಂ ತಾವೇ ಬರೆದು ಸಹಿ ಮಾಡುತ್ತಾರೆ. "ಆದ್ರ ಪಾತ್ರಿ ತೊಳದ ಮ್ಯಾಲೆ ಇಷ್ಟು ಹ್ಯಾಂಗ ಉಳಿತದ ಅಂತ ನನಗ ತಿಳೀವಲ್ದು," ಎಂದರು. ಹುಲ್ಲಪ್ಪನಿಗೆ ತಿಳಿದಿತ್ತು. ಹೇಳಲಿಲ್ಲ. ಹೇಳಲು ನಾಚಿಕೆಯಾಯಿತು. ಅವನ ಪೈಕಿಯವರ ಮನೆಗಳಲ್ಲಿ ಒಣ ಪಾತ್ರೆಗೆ ಹಾಲು ಹಿಂಡುವುದಿಲ್ಲ. ತೊಳೆದ ಮೇಲೆ ಕಡೆಯ ಗುಟುಕು ನೀರನ್ನು ಚರಿಗೆಯ ತಳದಲ್ಲಿ ಬಿಟ್ಟೇ ಎಮ್ಮೆಯ ಕೆಳಗೆ ಕೂರುತ್ತಾರೆ. ಬರಿದಾದ ಪಾತ್ರೆಗೆ ಹಿಂಡುವುದು ಸಾವಾದ ಮನೆಯಲ್ಲಿ ಮಾತ್ರ. ಬೂದಿಯಲ್ಲಿ ತಿಕ್ಕಿ ತೊಳೆಯುತ್ತಿದ್ದಷ್ಟು ಕಾಲ ಆ ಒಂದು ಗುಟುಕು ನೀರಿನಿಂದ ಯಾರಿಗೂ ಏನೂ ಆಗಿರಲಿಲ್ಲ.

ಮಧ್ಯಾಹ್ನದ ಮೇಲೆ ಹೊರಟ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಸೀಸೆಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡ. ಪಕ್ಕದಲ್ಲಿ ಕೂತ ಗುಳೇದಗುಡ್ಡದ ಮುದುಕ ಖಣದ ಗಂಟನ್ನು ಕಾಲ ಕೆಳಗೆ ಒತ್ತಿಕೊಳ್ಳುತ್ತ, "ಅಳೇತನಕ್ಕ ಹೊಂಟೀರೇನು, ಚೀಲ ಹಂಗ ಹಿಡಕೊಂಡೀರಿ," ಎಂದು ಕೆಣಕಿದ. ಹುಲ್ಲಪ್ಪ ಕಿಟಕಿಯತ್ತ ತಿರುಗಿದ. ಹೊರಗೆ ಕಬ್ಬಿನ ಟ್ರಾಕ್ಟರುಗಳ ಸಾಲು, ಕರಿ ನೆಲ, ದೂರದಲ್ಲಿ ಕೆಂಪು ಗುಡ್ಡ. ಎರಡು ತಿಂಗಳ ಹಿಂದೆ, ಆ ದಿನವೂ ಹೀಗೆಯೇ ಬಿಸಿಲು ಇಳಿದಿತ್ತು. ಮೃಣಾಲಿನಿ ಮೇಡಂ ಮತ್ತು ಅವರ ಯಜಮಾನರು ಬಾದಾಮಿ ನೋಡಿಕೊಂಡು ವಾಪಸು ಬರುವಾಗ, ಹುಲ್ಲಪ್ಪ ರಜೆಗೆ ಊರಲ್ಲಿದ್ದಾನೆಂದು ತಿಳಿದು ಅಕ್ಕನ ಮನೆಗೆ ಬಂದಿದ್ದರು. ಕಂಬಳಿ ಹಾಸಿ ಕೂರಿಸಿದ್ದಾಯಿತು. ಅಕ್ಕ ಆಗಷ್ಟೇ ಹಿಂಡಿದ ಹಾಲನ್ನು ಹಿತ್ತಾಳೆಯ ತಂಬಿಗೆಯಲ್ಲಿ ಕಾಯಿಸಿ, ಬೆಲ್ಲ ಹಾಕಿ ಕೊಟ್ಟಳು. ಮೇಡಂ ಕುಡಿದರು, ಮೆಚ್ಚಿದರು. ಕಡೆಯ ಗುಟುಕು ಬಿಟ್ಟು ತಂಬಿಗೆ ಕೆಳಗಿಟ್ಟರು. ಹುಲ್ಲಪ್ಪ ಬಗ್ಗಿ ನೋಡಿದ. ತಳದಲ್ಲಿ ಎಳ್ಳುಕಾಳಿನಷ್ಟು ಬೂದಿ. ಅವರು ನೋಡಿ ಬಿಟ್ಟರೋ, ಬಿಡುವ ರೂಢಿಯೋ, ಇವತ್ತಿಗೂ ಅವನಿಗೆ ಗೊತ್ತಿಲ್ಲ. ಕಾರು ಓಣಿ ದಾಟಿದ್ದೇ ತಡ ಅವನು ಅಕ್ಕನ ಮೇಲೆ ಹರಿಹಾಯ್ದ. ಎದುರು ಮನೆಯ ರಂಗವ್ವ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದಳು. ಅವಳಿಗೆ ಕೇಳಲಿ ಎಂದೇನೂ ಒದರಿದ್ದಲ್ಲ, ಕೇಳುತ್ತದೆ ಎಂದು ಗೊತ್ತಿದ್ದೂ ಒದರಿದ. "ಇನ್ನೂ ಬೂದ್ಯಾಗ ಪಾತ್ರಿ ತಿಕ್ಕತಿಯೇನು? ಹೊಲಸು ಮಂದಿ. ಹದಿನೆಂಟು ವರ್ಷ ಅವರ ಮುಂದ ನಾ ಮಾಡಿದ್ದೆಲ್ಲಾ ಒಂದ ತಂಬಿಗ್ಯಾಗ ಕಳದಿ." ಅಕ್ಕ ತಂಬಿಗೆ ಎತ್ತಿಕೊಂಡು ಒಳಗೆ ಹೋದಳು. ಮುಂದಿನ ಸಂತೆಗೆ ಅವನು ಪುಡಿಯ ಚೀಲ ತಂದು ಹೊಸ್ತಿಲಲ್ಲಿ ಇಟ್ಟ. "ಇನ್ನಮ್ಯಾಲೆ ಇದರಾಗ ತೊಳಿ." ಅವಳು, "ಹೂಂ" ಎಂದಿದ್ದಳು. ಅವಳು ಅವನ ಮಾತಿಗೆ ಯಾವತ್ತೂ ಹೂಂ ಎಂದೇ ಹೇಳಿದವಳು.

ಅವನು ಬಂದಾಗ ಹನಮವ್ವ ಅಂಗಳದಲ್ಲಿ ಕುಕ್ಕರಗಾಲಿನಲ್ಲಿ ಕೂತು ಚರಿಗೆ ತೊಳೆಯುತ್ತಿದ್ದಳು. ಬಣ್ಣ ಹೋದ ಖಣದ ಕುಪ್ಪಸ, ಮೊಳಕೈವರೆಗೆ ನೊರೆ. ಪುಡಿಯಿಂದ ಬೆರಳ ಸಂದುಗಳು ಒಡೆದು ಕೆಂಪಾಗಿದ್ದವು. "ಬಾರೋ ಹುಲ್ಲ್ಯಾ. ನಡು ವಾರದಾಗ ಬಂದೀ, ವಿದ್ಯಾ ಛೊಲೋ ಅದಾಳಿಲ್ಲ?" ಎಂದಳು, ಕೈ ನಿಲ್ಲಿಸದೆ. ಒಂದು ಸಲ ತೊಳೆದಳು, ಚೆಲ್ಲಿದಳು. ಮತ್ತೆ ಪುಡಿ ಹಾಕಿದಳು, ತೊಳೆದಳು, ಚೆಲ್ಲಿದಳು. ಮೂರನೆಯ ಸಲ ಪುಡಿಗೆ ಕೈ ಹಾಕಿದಾಗ ಹುಲ್ಲಪ್ಪ ಅವಳ ರಟ್ಟೆ ಹಿಡಿದ.

"ಎಷ್ಟ ಸಲ ತೊಳಿತೀ?"

"ಹೊಲಸು ಅಂದ ಮ್ಯಾಲೆ ತೊಳೀಬೇಕಲ್ಲೋ."

"ಯಕ್ಕಾ, ಆ ಕಾಗದ ಬರದದ್ದು ನಾ."

"ಗೊತ್ತೈತಿ."

ಹಿಡಿದ ರಟ್ಟೆ ಅವನ ಕೈಯಿಂದ ತಾನೇ ಜಾರಿತು. "ಯಾವಾಗಿಂದ?"

"ಬಂದ ದಿನದಿಂದ. ಇಮಾಮಹುಸೇನ ಓದಿದ, ನಿನ್ನ ಹೆಸರು ಬಂತು. ಓದಿದ್ದ ತಪ್ಪಾತು ಅನ್ನಾವರಂಗ ಆ ಸಾಬಾ ನನ್ನ ಮಾರಿ ನೋಡಿದ. ನಾ ಅಂದ್ನಿ, ಓದಪ್ಪಾ ಓದು, ನಮ್ಮ ಹುಡುಗನ ಸಹಿ ಛಂದ ಇರತೈತಿ." ಅವಳು ಚರಿಗೆಯಲ್ಲಿ ನೀರು ಗಲಗಲಿಸಿ ಸುರಿದಳು, ಕಡೆಯ ಗುಟುಕು ತಳದಲ್ಲಿ ಉಳಿಯಿತು. ಅದನ್ನು ಹಿಡಿದುಕೊಂಡು ಎಮ್ಮೆಯತ್ತ ನಡೆದಳು.

ಅವನು ಹಿಂದೆ ಹೋಗಿ ಕೊಟ್ಟಿಗೆಯ ಕಂಬಕ್ಕೆ ಒರಗಿ ನಿಂತು ಎಲ್ಲ ಹೇಳಿದ. ಯಂತ್ರ, ಗಂಧಕ, ನಾಲ್ಕು ಗುಡ್ಡ, ಗೂನು. ಪುಡಿ ಅವನು ತಂದದ್ದು, ಅದರ ಕಡೆಯ ನೀರು ಚರಿಗೆಯಲ್ಲಿ ಉಳಿದದ್ದು, ಹಾಲಿಗೆ ಸೇರಿದ್ದು. ಹೇಳುತ್ತ ಹೇಳುತ್ತ ತಾನು ಮೃಣಾಲಿನಿ ಮೇಡಂ ಧ್ವನಿಯಲ್ಲಿ ಮಾತಾಡುತ್ತಿದ್ದೇನೆ ಅನಿಸಿ ಅರ್ಧಕ್ಕೆ ನಿಂತ. ಹನಮವ್ವ ಎಮ್ಮೆಯ ಕೆಚ್ಚಲಿಗೆ ನೀರು ತಟ್ಟುತ್ತ ಕೇಳಿದಳು.

"ಅಂದ್ರ ಪುಡಿ ನಿಂದು, ನೀರು ನಂದು. ಇಬ್ಬರೂ ಕೂಡೇ ಮಾಡೇವಿ ಅನ್ನು," ಎಂದಳು. ಅವಳ ಮುಖದಲ್ಲಿ ನಗೆಯಂಥದ್ದು ಬಂದು ಹೋಯಿತು.

"ತಡಿ, ಇನ್ನ ಹಿಂಡಬ್ಯಾಡ. ಇಮಾಮಹುಸೇನ ಬರತಾನ. ಅವನ ಮುಂದ ಇನ್ನೊಮ್ಮೆ ಹಿಂಗ ತೊಳದು, ಹಿಂಗ ನೀರು ಬಿಟ್ಟು ಹಿಂಡು. ನಾ ಸೀಸೆ ತಂದೇನಿ. ಹದಿನೈದು ದಿನದಾಗ ಕಾಗದ ಬರತೈತಿ. ಹನಮವ್ವ ಹಾಲಿಗೆ ಏನೂ ಬೆರಸಿಲ್ಲ ಅಂತ. ಗುಡಿ ಕಟ್ಟಿ ಮ್ಯಾಲೆ ನಾನ ನಿಂತು ಓದತೇನಿ."

ಅವಳ ಕೈ ನಿಂತಿತು. ಎಮ್ಮೆ ತಿರುಗಿ ನೋಡಿತು.

"ಸಾಬರಿಗೆ ಬರಬ್ಯಾಡ ಅನ್ನು."

"ಯಾಕ?"

ಅವಳು ಸೆರಗಿನಿಂದ ಕೈ ಒರೆಸಿಕೊಂಡು, ಎದ್ದು ನಿಲ್ಲದೆ, ಎಮ್ಮೆಯ ಹೊಟ್ಟೆಗೆ ತಲೆ ಆನಿಸಿ ಹೇಳಿದಳು. ಹೋದ ಅಮಾವಾಸ್ಯೆ ದಿನ ಗುಡಿಯ ಕಟ್ಟೆಯ ಮೇಲೆ ಹಿರಿಯರು ಕೂಡಿದ್ದರು. ಹನಮವ್ವ ಅಂಥಾಕಿ ಅಲ್ಲ ಎಂದರು ಕೆಲವರು. "ಮಷೀನು ಸುಳ್ಳ ಹೇಳತೈತಿ ಅಂದ ಒಬ್ಬಾಂವ. ಮಷೀನು ಯಾಕ ಸುಳ್ಳ ಹೇಳತೈತಿ, ಅದನ್ನ ನಡಸಾವ ಸುಳ್ಳ ಬರದಿರತಾನ ಅಂದ ಇನ್ನೊಬ್ಬಾಂವ. ಹುಲ್ಲ್ಯಾನ ಕರಸ್ರಿ, ಸ್ವಂತ ಅಕ್ಕನ ಮ್ಯಾಲೆ ಬರದದ್ದು ಖರೆ ಅಂತ ಭಂಡಾರ ಮುಟ್ಟಿ ಹೇಳ್ಲಿ ಅಂದ್ರು. ಹತ್ತು ಮಂದ್ಯಾಗ ನಿನ್ನ ನಿಂದ್ರಸಾವರಿದ್ರು."

"ನಿಂದ್ರತಿದ್ನಿ."

"ನನಗ ನೋಡಾಕ ಆಗತಿರಲಿಲ್ಲ." ಅವಳು ಒಂದು ಉಸಿರು ಬಿಟ್ಟಳು. "ನಾ ಎದ್ದು ಹ್ವಾದ್ನಿ. ಭಂಡಾರದಾಗ ಕೈ ಇಟ್ನಿ. ನಾನ ಹಾಲಿಗೆ ಪುಡಿ ಹಾಕೇನಿ, ಆಶಾಕ್ಕ ಬಿದ್ದು ಹಾಕೇನಿ, ನಮ್ಮ ತಮ್ಮ ಬರದದ್ದು ಖರೆ ಐತಿ ಅಂದ್ನಿ."

ಭಂಡಾರವೆಂದರೆ ಬೀರಪ್ಪನ ಮುಂದಿನ ಅರಿಶಿನದ ಪುಡಿ; ಅದನ್ನು ಮುಟ್ಟಿ ಸುಳ್ಳಾಡಿದವರು ಅವರ ಪೈಕಿಯಲ್ಲಿ ಯಾರೂ ಇರಲಿಲ್ಲ. ಇದ್ದರೆ ಅವರ ಮನೆಯ ನೀರನ್ನೂ ಯಾರೂ ಕುಡಿಯುತ್ತಿರಲಿಲ್ಲ. ಕದ್ದವರಿಗೆ ದಂಡವಿತ್ತು, ತಪ್ಪು ಒಪ್ಪಿದವರಿಗೆ ಕ್ಷಮೆಯೂ ಇತ್ತು. ಸುಳ್ಳು ಭಂಡಾರಕ್ಕೆ ಎರಡೂ ಇರಲಿಲ್ಲ.

"ಹಾಕಿರಲಿಲ್ಲಲ್ಲ ನೀ!" ಎಂದು ಅವನು ಒದರಿದ. "ತಲಿ ಐತೋ ಇಲ್ಲೋ ನಿನಗ? ಹಾಕದ್ದು ಹಾಕೇನಿ ಅಂತ ಹೆಂಗ ಅಂದಿ?"

"ಒದರಬ್ಯಾಡ, ಎಮ್ಮಿ ತೊರಿ ಬಿಡೂದಿಲ್ಲ." ಆಮೇಲೆ ಮೆಲ್ಲಗೆ, ಅವನಿಗೆ ಸಮಾಧಾನ ಹೇಳುವವಳ ಹಾಗೆ, "ನೀ ಬರದಿದ್ದಿ ಅಲ್ಲೋ. ನೀ ಬರದದ್ದು ಸುಳ್ಳ ಇರತೈತಿ ಅಂತ ನಾ ಹ್ಯಾಂಗ ತಿಳಕೊಳ್ಳಲಿ? ಹಾಕಿರಬೇಕು ನಾ ಅನಸ್ತಿತ್ತು. ನಿದ್ದಿಗಣ್ಣಾಗ ಹಾಕೇನೇನೋ, ಮರತೇನೇನೋ. ಇವತ್ತು ನೀ ಹೇಳೂ ತನಕ ನನಗ ಖರೇನ ಗೊತ್ತಿರಲಿಲ್ಲ," ಎಂದಳು.

ಹುಲ್ಲಪ್ಪ ಸಗಣಿಯ ನೆಲದ ಮೇಲೆ ಕೂತುಬಿಟ್ಟ. ಎಲ್ಲಕ್ಕೂ ಬರುವ ಸಿಟ್ಟು ಈಗ ಬರಲಿಲ್ಲ. ಅದು ಬರಲಿ ಎಂದು ಕಾದ. ಹದಿನೆಂಟು ವರ್ಷ ತಾನು ಗುರುತು ಹಾಕಿದ ಚೌಕಗಳ ಆಚೆ ಹೀಗೆ ಎಷ್ಟು ಜನ ಕೂತು ತಮ್ಮ ಕೈಯನ್ನು ತಾವೇ ನಂಬದೆ ನೋಡಿಕೊಂಡಿದ್ದಾರೋ ಎಂಬ ಯೋಚನೆ ಬಂತು. ಅದನ್ನು ಪೂರ್ತಿ ಯೋಚಿಸಲು ಧೈರ್ಯ ಸಾಲದೆ, "ಹನ್ನೊಂದು ಮಂದಿ ಅದಾರ ಯಕ್ಕಾ, ನಿನ್ನಂಥಾವರು," ಎಂದ.

"ಅವರು ಭಂಡಾರ ಮುಟ್ಟಿಲ್ಲಲ್ಲ. ಅವರ ಮನಿಗೆ ಹೋಗು, ಅವರ ಚರಗಿ ನೋಡು. ನನ್ನ ಬಿಡು. ಕಳ್ಳಿ ಅಂದಾರ, ಒಪ್ಪಿಕೊಂಡಾಳ ಅಂತ ನೀರು-ಬೆಂಕಿ ಕೊಡತಾರ. ಇನ್ನ ಆ ಕಾಗದ ಬಂದ್ರ ನಾ ದೇವರ ಮುಂದ ಸುಳ್ಳಾಡಿದಾಕಿ. ಅದನ್ನ ತೊಳಿಯಾಕ ನಿಮ್ಮಲ್ಲಿ ಏನರ ಐತೇನು?"

ಹಾಲಿನ ಮೊದಲ ಧಾರೆ ಚರಿಗೆಯ ತಳದ ನೀರಿಗೆ ಬಿತ್ತು. ಆಮೇಲೆ ಸದ್ದು ಮೆತ್ತಗಾಯಿತು. ಅವಳು ಅರ್ಧ ಚರಿಗೆ ಹಿಂಡಿ, ಕರುವನ್ನು ಬಿಚ್ಚಿ ಬಿಟ್ಟಳು. "ಕುಡೀಲಿ. ಯಾರಿಗೂ ಕೊಡೂದಿಲ್ಲ ಅಂದ ಮ್ಯಾಲೆ ಅದರ ಹಾಲು ಅದಕ್ಕ." ಕರು ಕೆಚ್ಚಲಿಗೆ ಗುದ್ದುವುದನ್ನು ನೋಡುತ್ತ, "ಉಂಡು ಹೋಗು," ಎಂದಳು. ಅವನು ಒಲ್ಲೆ ಎಂದ. ಅವಳು ಒತ್ತಾಯ ಮಾಡಲಿಲ್ಲ. ಓಣಿ ತಿರುಗುವವರೆಗೂ ಅವಳು ಬಾಗಿಲಿಗೆ ಬರಲಿಲ್ಲ. ಕೊಟ್ಟಿಗೆಯಲ್ಲಿ ಮತ್ತೆ ಪಾತ್ರೆ ತಿಕ್ಕುವ ಸದ್ದು ಕೇಳುತ್ತಿತ್ತು.

ಹಾಲಿನ ಕೇಂದ್ರ ಊರ ಅಗಸಿಯ ಪಕ್ಕ. ಹತ್ತು ಹನ್ನೆರಡು ಹೆಂಗಸರು ಕ್ಯಾನು ಮುಂದಿಟ್ಟುಕೊಂಡು ಸಾಲು ನಿಂತಿದ್ದರು. ಇಮಾಮಹುಸೇನ ಇವತ್ತಿಗೆಂದು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದ. ಮೇಜಿನ ಮೇಲೆ ಅರಗು, ಮೇಣದಬತ್ತಿ, ಮುದ್ರೆ ಒಂದು ತಟ್ಟೆಯಲ್ಲಿ ಜೋಡಿಸಿಟ್ಟಿದ್ದ. ಹುಲ್ಲಪ್ಪನನ್ನು ಕಂಡು ಎದ್ದ. ಮುಖದಲ್ಲಿ ತಾನೇ ಬಿಡುಗಡೆಯಾಗುವವನ ಸಂತೋಷ.

"ಬರ್ಲೇನ್ರಿ? ಎಲ್ಲಾ ತಯಾರ್ ಐತಿ. ಇವರ ಹಾಲು ಹತ್ತು ಮಿನಿಟದಾಗ ಅಳದು ಬರತೇನಿ."

"ಬ್ಯಾಡ್ರಿ," ಎಂದ ಹುಲ್ಲಪ್ಪ.

"ಯಾಕ್ರಿ? ನಿನ್ನೆ ನೀವ ಫೋನ್ ಮಾಡಿ..."

"ಬ್ಯಾಡ ಅಂದ್ನೆಲ್ಲ."

ಇಮಾಮಹುಸೇನ ತಟ್ಟೆ ನೋಡಿದ, ಅವನ ಮುಖ ನೋಡಿದ. ಮುಂದೆ ನಿಂತಿದ್ದ ರಂಗವ್ವ ಸೆರಗು ಸರಿಮಾಡಿಕೊಂಡಳು. ಕೆಟ್ಟ ಹೆಂಗಸಲ್ಲ, ಅಕ್ಕನ ಗಂಡ ಸತ್ತಾಗ ಮೂರು ದಿನ ಅವಳೇ ಬುತ್ತಿ ತಂದಿದ್ದಳು. ಈಗಲೂ ಅವಳ ಮಾತಿನಲ್ಲಿ ಚುಚ್ಚುವುದೇನೂ ಇರಲಿಲ್ಲ, ಮರುಕವೇ ಇತ್ತು.

"ಬಿಡ್ರಿ ಸಾಬರ. ನಾ ಇಷ್ಟ ದಿನ ಅನ್ನತಿದ್ನಿ, ಹನಮವ್ವ ಹಾಕಿರಾಕಿಲ್ಲ, ತಮ್ಮನ್ನ ಉಳಸಾಕ ಹಂಗ ಅಂದಾಳ ಅಂತ. ಒಡಹುಟ್ಟಿದಾಂವನ ಬ್ಯಾಡ ಅಂದ ಮ್ಯಾಲೆ ಖರೆ ಇರಬೇಕು. ಹೌದಲ್ಲಪಾ ಹುಲ್ಲಪ್ಪ?"

ಎಲ್ಲರೂ ಅವನನ್ನೇ ನೋಡಿದರು. ಇಷ್ಟು ದಿನ ಅಕ್ಕನ ಪರವಾಗಿ ಈ ಊರಿನಲ್ಲಿ ಒಬ್ಬಳಾದರೂ ಇದ್ದಳೆಂದು ಅವನಿಗೆ ಗೊತ್ತಾದದ್ದು ಆಗಲೇ. ಬಾಯಿ ತೆರೆದ. ಅಕ್ಕನ ಕೈ ಭಂಡಾರದಲ್ಲಿತ್ತು.

"ಹೌದು," ಎಂದ.

ಸಾಲು ಒಂದು ಹೆಜ್ಜೆ ಮುಂದೆ ಸರಿಯಿತು. ರಂಗವ್ವ ಕ್ಯಾನು ಎತ್ತಿ ಹಾಲು ಸುರಿದಳು.

ಬೀರನಹಟ್ಟಿಯಿಂದ ಶಿರೂರಿಗೆ ನಡೆದೇ ಬಂದ. ಅವಳಿಗಾಗಿ ಅಂದೆ ಎಂದು ದಾರಿಯುದ್ದಕ್ಕೂ ಹೇಳಿಕೊಂಡ. ಸುಳ್ಳಲ್ಲ ಅದು. ಆದರೆ ಇನ್ನು ಗುಡಿಯ ಕಟ್ಟೆಯ ಮೇಲೆ ನಿಂತು, ಹತ್ತು ಜನರೆದುರು, ಪುಡಿ ತಂದವನು ನಾನು, ಕಂಡೂ ಬರೆಯದವನು ನಾನು ಎಂದು ಓದಬೇಕಾಗಿಲ್ಲ ಎನ್ನುವುದೂ ಸುಳ್ಳಾಗಿರಲಿಲ್ಲ. ಬಸ್ ನಿಲ್ದಾಣದಲ್ಲಿ ಮಿರ್ಚಿ ಕರಿಯುವ ವಾಸನೆ ಬಂತು. ಒಂದು ವಾರದಿಂದ ಅನ್ನ ಇಳಿಯದಿದ್ದ ಹುಲ್ಲಪ್ಪನಿಗೆ ಥಟ್ಟನೆ ಹಸಿವಾಯಿತು, ಹೊಟ್ಟೆ ಹಿಂಡುವಂಥ ಹಸಿವು. ನಿಂತೇ ಒಂದು ತಟ್ಟೆ ಚುರಮರಿ, ನಾಲ್ಕು ಮಿರ್ಚಿ ತಿಂದ. ಇನ್ನೆರಡು ಹಾಕೆಂದ. ಕಣ್ಣಲ್ಲಿ ನೀರು ಬಂತು. ಅದು ಖಾರಕ್ಕೆ ಬಂದದ್ದು.